ಆತ್ಮಹತ್ಯೆಗೆ ದೇವರಲ್ಲಿ ಕ್ಷಮೆಯೇ ಇಲ್ಲವೇ? ತಲೆಪೆಟ್ಟು, ಮನಸ್ಸು ಮತ್ತು ಕ್ರೈಸ್ತ ನಂಬಿಕೆ: ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮೊದಲು ಒಂದು ಮಾತು. ಇದನ್ನು ಓದುತ್ತಿರುವ ನಿಮಗೇ ಬದುಕು ಸಾಕು ಎನ್ನಿಸುತ್ತಿದ್ದರೆ, ಲೇಖನವನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112 ಅಥವಾ 108ಕ್ಕೆ ಕರೆ ಮಾಡಿ. ಲೇಖನ ಎಲ್ಲೂ ಹೋಗುವುದಿಲ್ಲ, ಆಮೇಲೆ ಓದಬಹುದು.

ಯಾರಾದರೂ ಆತ್ಮಹತ್ಯೆಯಿಂದ ತೀರಿಕೊಂಡ ಸುದ್ದಿ ಬಂದಾಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಲವು ಮಾತುಗಳು ಮತ್ತೆ ಮತ್ತೆ ಸುತ್ತುತ್ತವೆ. 'ಆತ್ಮಹತ್ಯೆ ಕ್ಷಮೆಯಿಲ್ಲದ ಪಾಪ ಅಂತ ಬೈಬಲ್‌ನಲ್ಲೇ ಇದೆ.' 'ನಿಜವಾದ ವಿಶ್ವಾಸಿಗೆ ಖಿನ್ನತೆ ಬರೋದೇ ಇಲ್ಲ.' 'ತಲೆಗೆ ಪೆಟ್ಟು ಬಿದ್ದ ಮ್ಯಾಲ ಹಿಂಗಾಗ್ಯಾನ ಅಂದ್ರ ಅದು ಗಾಳಿ ಸೋಂಕು, ಮಾತ್ರೆ ನಿಲ್ಲಿಸಿ ಪ್ರಾರ್ಥನೆಗೆ ಕರಕೊಂಡು ಬರ್ರಿ.'

ಕಳಿಸುವವರ ಉದ್ದೇಶ ಕೆಟ್ಟದ್ದಲ್ಲ. ಬಹಳ ಸಲ ಹೆದರಿಸಿಯಾದರೂ ಒಂದು ಜೀವ ಉಳಿಸೋಣ ಎಂಬ ಕಳಕಳಿ ಇರುತ್ತದೆ. ಆದರೆ ಅದೇ ಗುಂಪಿನಲ್ಲಿ ಮಗನನ್ನು ಕಳೆದುಕೊಂಡ ತಾಯಿ ಇರಬಹುದು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ಆರು ತಿಂಗಳಿಂದ ಮನೆಯಲ್ಲೇ ಕೂತು, ಯಾರಿಗೂ ಹೇಳದೆ ಒಳಗೊಳಗೇ ಕುಸಿಯುತ್ತಿರುವ ತರುಣನೂ ಇರಬಹುದು. ಆ ಇಬ್ಬರೂ ಈ ಸಂದೇಶಗಳನ್ನು ಓದುತ್ತಾರೆ. ಹಾಗಾಗಿ ಒಂದೊಂದನ್ನೇ ತೆಗೆದು ನೋಡೋಣ.

ಘಟಪ್ರಭಾ ಭಾಗಕ್ಕೆ ಇದು ಯಾಕೆ ಮುಖ್ಯ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ ಕಬ್ಬಿನ ನಾಡು. ಹಂಗಾಮು ಶುರುವಾದರೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು, ಅವುಗಳ ಮಧ್ಯೆ ನುಸುಳುವ ಬೈಕುಗಳು, ಕತ್ತಲ ರಸ್ತೆ. ಹೆಲ್ಮೆಟ್ ಹ್ಯಾಂಡಲ್‌ಗೆ ನೇತಾಡುತ್ತಿರುತ್ತದೆ. ಇಡೀ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1.68 ಲಕ್ಷ ಜನ ಸತ್ತರು, 4.43 ಲಕ್ಷ ಜನ ಗಾಯಗೊಂಡರು. ಗಾಯಗೊಂಡವರಲ್ಲಿ ತಲೆಪೆಟ್ಟಿನವರೂ ಇರುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ಊರವರ ಕಣ್ಣಿಗೆ ಅವರು 'ಆರಾಮ ಆದವರು'. ಮನೆಯವರಿಗೆ ಮಾತ್ರ ಬೇರೆಯದೇ ಗೊತ್ತಿರುತ್ತದೆ: 'ಮನುಷ್ಯಾ ಅವನ ಅದಾನ್ರಿ, ಆದ್ರ ಮೊದಲಿನಂಗ ಇಲ್ಲ.'

ಈ ಸೀಮೆಯಲ್ಲಿ ಕ್ರೈಸ್ತರು ಸಂಖ್ಯೆಯಲ್ಲಿ ಕಡಿಮೆ, ಆದರೆ ಹೊಸಬರಲ್ಲ. ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ ಕೆಲಸ ಆರಂಭಿಸಿತು. ಕಥೋಲಿಕರ ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ಸ್ಥಾಪನೆಯಾಯಿತು. ಇನ್ನು ಈ ಸಂದೇಶಗಳು ಕ್ರೈಸ್ತ ಗುಂಪುಗಳಲ್ಲೇ ಉಳಿಯುವುದೂ ಇಲ್ಲ. 'ಆತ್ಮಕ್ಕೆ ಮುಕ್ತಿ ಇಲ್ಲ' ಎಂಬ ಮಾತು ಎಲ್ಲ ಧರ್ಮದ ಮನೆಗಳಲ್ಲೂ ಕೇಳುವಂಥದ್ದೇ.

ಹೇಳಿಕೆ 1: 'ಆತ್ಮಹತ್ಯೆ ಕ್ಷಮೆಯಿಲ್ಲದ ಪಾಪ ಎಂದು ಬೈಬಲ್ ಹೇಳಿದೆ'

ಇದು ತಪ್ಪು. ಬೈಬಲ್‌ನಲ್ಲಿ ಹಾಗೆ ಹೇಳುವ ವಾಕ್ಯ ಇಲ್ಲ.

ಕ್ಷಮೆಯಿಲ್ಲದ ಪಾಪದ ಮಾತು ಬರುವುದು ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ. ಅಲ್ಲಿ ಹೇಳಿರುವುದು ಪವಿತ್ರಾತ್ಮನ ವಿರುದ್ಧದ ದೂಷಣೆಯ ಬಗ್ಗೆ. ಆತ್ಮಹತ್ಯೆಯ ಪ್ರಸ್ತಾಪವೇ ಅಲ್ಲಿಲ್ಲ.

ತಮ್ಮ ಜೀವ ತಾವೇ ತೆಗೆದುಕೊಂಡ ಹಲವರ ಕಥೆ ಬೈಬಲ್‌ನಲ್ಲಿದೆ: ರಾಜ ಸೌಲ ಮತ್ತು ಅವನ ಆಯುಧವಾಹಕ, ಅಹೀತೋಫೆಲ, ಜಿಮ್ರಿ, ಯೂದ ಇಸ್ಕರಿಯೋತ. ಅಹೀತೋಫೆಲನನ್ನು ಅವನ ತಂದೆಯ ಸಮಾಧಿಯಲ್ಲೇ ಹೂಣಿಟ್ಟರು ಎಂದು 2 ಸಮುವೇಲ 17ರಲ್ಲಿದೆ. ಶತ್ರುಗಳ ಮೇಲೆ ಗುಡಿಯನ್ನು ಕೆಡವಿ ತಾನೂ ಅದರಡಿ ಸತ್ತ ಸಂಸೋನನ ಹೆಸರು, ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ, ನಂಬಿಕೆಯಿಂದ ಬಾಳಿದವರ ಸಾಲಿನಲ್ಲಿ ಬರುತ್ತದೆ.

ಹಾಗಾದರೆ ಕ್ರೈಸ್ತ ಧರ್ಮ ಇದನ್ನು ಒಪ್ಪುತ್ತದೆಯೇ? ಇಲ್ಲ. ಜೀವ ದೇವರ ಕೊಡುಗೆ, ಅದನ್ನು ತೆಗೆಯುವ ಹಕ್ಕು ನಮಗಿಲ್ಲ ಎಂಬುದು ಎಲ್ಲ ಸಭೆಗಳ ಬೋಧನೆ. ಆದರೆ 'ಇದು ತಪ್ಪು' ಎನ್ನುವುದು ಬೇರೆ, 'ಇದಕ್ಕೆ ಕ್ಷಮೆಯೇ ಇಲ್ಲ' ಎನ್ನುವುದು ಬೇರೆ. ಫಾರ್ವರ್ಡ್‌ಗಳು ಇವೆರಡನ್ನೂ ಒಂದೇ ಮಾಡಿಬಿಡುತ್ತವೆ.

ಹಾಗಾದರೆ ಆ ನಂಬಿಕೆ ಬಂದದ್ದೆಲ್ಲಿಂದ?

ಇತಿಹಾಸದಿಂದ. 5ನೇ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನ್ 'ದೇವರ ನಗರ' ಎಂಬ ಗ್ರಂಥದಲ್ಲಿ, ಕೊಲೆ ಮಾಡಬಾರದು ಎಂಬ ಆಜ್ಞೆ ನಮ್ಮ ಜೀವಕ್ಕೂ ಅನ್ವಯಿಸುತ್ತದೆ ಎಂದು ವಾದಿಸಿದ. 6ನೇ ಶತಮಾನದಲ್ಲಿ ಬ್ರಾಗಾ ನಗರದಲ್ಲಿ ಸೇರಿದ ಧರ್ಮಸಭೆ, ಹಾಗೆ ಸತ್ತವರಿಗೆ ಅಂತ್ಯಸಂಸ್ಕಾರದ ವಿಧಿಗಳನ್ನು ನಿರಾಕರಿಸಿತು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್, ಇದು ತನ್ನ ವಿರುದ್ಧ, ಸಮಾಜದ ವಿರುದ್ಧ ಮತ್ತು ದೇವರ ವಿರುದ್ಧದ ತಪ್ಪು ಎಂದು ಮೂರು ಕಾರಣ ಕೊಟ್ಟ. ಕಥೋಲಿಕ ಸಭೆಯ 1917ರ ಕಾನೂನು ಸಂಹಿತೆಯಲ್ಲೂ, ಬುದ್ಧಿಪೂರ್ವಕವಾಗಿ ಜೀವ ತೆಗೆದುಕೊಂಡು ಪಶ್ಚಾತ್ತಾಪದ ಸೂಚನೆ ತೋರದವರಿಗೆ ಸಭೆಯ ಅಂತ್ಯಕ್ರಿಯೆ ಇಲ್ಲ ಎಂಬ ನಿಯಮವಿತ್ತು.

ನಮ್ಮ ಹಿರಿಯರು ಕೇಳಿ ಬೆಳೆದದ್ದು ಇದನ್ನೇ. ಆದರೆ ಆಮೇಲೆ ನಡೆದದ್ದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. 1983ರ ಹೊಸ ಸಂಹಿತೆ, ಅಂತ್ಯಕ್ರಿಯೆ ನಿರಾಕರಿಸುವವರ ಪಟ್ಟಿಯಿಂದ ಆತ್ಮಹತ್ಯೆಯನ್ನು ತೆಗೆದುಹಾಕಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2282 ಮತ್ತು 2283ನೇ ಪರಿಚ್ಛೇದಗಳು ಇನ್ನೂ ಸ್ಪಷ್ಟ. ತೀವ್ರ ಮಾನಸಿಕ ತೊಂದರೆ, ಸಂಕಟ ಅಥವಾ ಭಯ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಹುದು; ಹಾಗೆ ಸತ್ತವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶರಾಗಬಾರದು; ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಇದು ಅವುಗಳ ಸಾರಾಂಶ.

ಪ್ರೊಟೆಸ್ಟೆಂಟರ ಕಡೆ, 16ನೇ ಶತಮಾನದಲ್ಲೇ ಮಾರ್ಟಿನ್ ಲೂಥರ್, ಇಂಥವರು ನರಕಕ್ಕೇ ಹೋಗುತ್ತಾರೆ ಎಂದು ಖಚಿತವಾಗಿ ಹೇಳಲು ತಾನು ಸಿದ್ಧನಿಲ್ಲ ಎಂದಿದ್ದ. ಅವನು ಕೊಟ್ಟ ಹೋಲಿಕೆ, ಕಾಡಿನಲ್ಲಿ ಕಳ್ಳನ ಕೈಗೆ ಸಿಕ್ಕು ಸತ್ತ ದಾರಿಹೋಕನದು.

ಹೇಳಿಕೆ 2: 'ಪಶ್ಚಾತ್ತಾಪಕ್ಕೆ ಸಮಯವೇ ಇರಲಿಲ್ಲ, ಹಾಗಾಗಿ ಕ್ಷಮೆ ಇಲ್ಲ'

ಕೇಳಲು ಇದು ತರ್ಕಬದ್ಧವಾಗಿದೆ. ಆದರೆ ಇದೇ ತರ್ಕ ಹಿಡಿದರೆ, ಯಾರ ಮೇಲೋ ಸಿಟ್ಟು ಇಟ್ಟುಕೊಂಡು ನಿದ್ದೆಯಲ್ಲೇ ಹೃದಯಾಘಾತದಿಂದ ಸತ್ತವರಿಗೂ, ಅಪಘಾತದಲ್ಲಿ ಕ್ಷಣದಲ್ಲಿ ಸತ್ತವರಿಗೂ ಕ್ಷಮೆ ಇಲ್ಲ ಎನ್ನಬೇಕಾಗುತ್ತದೆ. ಹಾಗೆ ಯಾವ ಸಭೆಯೂ ಬೋಧಿಸುವುದಿಲ್ಲ.

ಬಹುತೇಕ ಪ್ರೊಟೆಸ್ಟೆಂಟ್ ಬೋಧಕರ ಉತ್ತರ: ರಕ್ಷಣೆ ನಿಂತಿರುವುದು ದೇವರ ಕೃಪೆಯ ಮೇಲೆ, ಕೊನೆಯ ಕ್ಷಣದ ಅರಿಕೆಯ ಮೇಲಲ್ಲ. ಮರಣವೂ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂದು ಪೌಲ ಹೇಳುವ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯವನ್ನು ಅವರು ತೋರಿಸುತ್ತಾರೆ. ಕಥೋಲಿಕರ ಉತ್ತರ: ಒಂದು ಕೃತ್ಯ ಮಾರಕ ಪಾಪ ಆಗಬೇಕಾದರೆ ವಿಷಯ ಗಂಭೀರವಾಗಿದ್ದರೆ ಸಾಲದು, ಪೂರ್ಣ ಅರಿವು ಮತ್ತು ಪೂರ್ಣ ಸಮ್ಮತಿ ಎರಡೂ ಇರಬೇಕು. ಕಾಯಿಲೆ ಅರಿವನ್ನೂ ಸಮ್ಮತಿಯನ್ನೂ ಕಸಿಯಬಲ್ಲದು.

ಇಲ್ಲಿಗೇ ಮಿದುಳಿನ ವಿಷಯ ಬರುತ್ತದೆ.

ತಲೆಪೆಟ್ಟಿನ ನಂತರ ಒಳಗೆ ಏನಾಗುತ್ತದೆ?

ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಒಂದು ಬ್ರೇಕ್ ಇದ್ದಂತೆ. ಸಿಟ್ಟು ಬಂದಾಗ ತಡೆಯುವುದು, ಮುಂದಿನದನ್ನು ಯೋಚಿಸುವುದು, 'ಇರು, ನಾಳೆ ನೋಡೋಣ' ಎಂದು ಮನಸ್ಸಿಗೆ ಹೇಳುವುದು, ಇವೆಲ್ಲ ಅದರ ಕೆಲಸ. ಬೈಕಿನಿಂದ ಬಿದ್ದಾಗ ತಲೆಬುರುಡೆಯೊಳಗೆ ಮಿದುಳು ಅಲುಗಿ, ಈ ಭಾಗಕ್ಕೂ ಕಿವಿಯ ಬದಿಯ ಭಾಗಕ್ಕೂ ಪೆಟ್ಟಾಗುವುದು ಸಾಮಾನ್ಯ. ನರತಂತುಗಳು ಎಳೆದು ಹರಿದರೆ ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣದೆಯೂ ಇರಬಹುದು. 'ಸ್ಕ್ಯಾನ್ ನಾರ್ಮಲ್ ಬಂದಿದೆ, ಇವನು ನಾಟಕ ಮಾಡ್ತಾನ' ಎನ್ನುವುದು ಅದಕ್ಕೇ ಅನ್ಯಾಯ.

ಇದಕ್ಕೆ ಹಳೆಯ ಉದಾಹರಣೆ ಅಮೆರಿಕದ ಫೀನಿಯಸ್ ಗೇಜ್. 1848ರ ಸೆಪ್ಟೆಂಬರ್ 13ರಂದು ರೈಲುದಾರಿಯ ಕೆಲಸದಲ್ಲಿ ಸ್ಫೋಟವಾಗಿ, ಒಂದು ಕಬ್ಬಿಣದ ಸರಳು ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಅವನು ಬದುಕಿದ, ಓಡಾಡಿದ, ಮಾತಾಡಿದ. ಆದರೆ ಸಮಾಧಾನಿಯಾಗಿದ್ದ ಮೇಸ್ತ್ರಿ ಒರಟನಾಗಿ, ಚಂಚಲನಾಗಿ ಬದಲಾದ ಎಂದು ಅವನ ವೈದ್ಯರು ದಾಖಲಿಸಿದರು. ವರ್ಷಗಳ ನಂತರ ಅವನು ಚಿಲಿ ದೇಶದಲ್ಲಿ ಕುದುರೆಗಾಡಿ ಓಡಿಸುವ ಕೆಲಸ ಮಾಡಿದ. ಅಂದರೆ ಪೆಟ್ಟು ಸ್ವಭಾವವನ್ನು ಬದಲಿಸಬಹುದು, ನಿಯಮಿತ ಕೆಲಸ ಮತ್ತು ಕಾಲ ಅದನ್ನು ಸ್ವಲ್ಪ ಸರಿಪಡಿಸಲೂಬಹುದು.

ಖಿನ್ನತೆಯೂ ಅಪರೂಪವಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ತಲೆಪೆಟ್ಟಿನಿಂದ ಆಸ್ಪತ್ರೆ ಸೇರಿದ್ದ 559 ಜನರನ್ನು ಒಂದು ವರ್ಷ ಗಮನಿಸಿದಾಗ, 53% ಜನರಲ್ಲಿ ಆ ಅವಧಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳು ಕಂಡವು. ಈ ಅಧ್ಯಯನ 2010ರಲ್ಲಿ ಪ್ರಕಟವಾಯಿತು.

ಡೆನ್ಮಾರ್ಕ್‌ನಲ್ಲಿ 74 ಲಕ್ಷ ಜನರ 1980ರಿಂದ 2014ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2018ರಲ್ಲಿ ಬಂತು. ತಲೆಪೆಟ್ಟಿಗೆ ಚಿಕಿತ್ಸೆ ಪಡೆದವರಲ್ಲಿ ವರ್ಷಕ್ಕೆ 1 ಲಕ್ಷಕ್ಕೆ ಸುಮಾರು 41 ಜನ ಆತ್ಮಹತ್ಯೆಯಿಂದ ಸತ್ತಿದ್ದರು. ಉಳಿದವರಲ್ಲಿ ಈ ಸಂಖ್ಯೆ ಸುಮಾರು 20. ಚಿಕಿತ್ಸೆಯ ನಂತರದ ಮೊದಲ ಆರು ತಿಂಗಳಲ್ಲಿ ಅಪಾಯ ಹೆಚ್ಚಾಗಿತ್ತು.

ಈ ಅಂಕಿಯನ್ನು ಸರಿಯಾಗಿ ಓದಬೇಕು. ಅಪಾಯ ಎರಡು ಪಟ್ಟು ಎಂಬುದು ನಿಜ. ಹಾಗೆಯೇ, 1 ಲಕ್ಷದಲ್ಲಿ 41 ಎಂದರೆ ಉಳಿದ 99,959 ಜನ ಆ ವರ್ಷ ಹಾಗೆ ಸಾಯಲಿಲ್ಲ ಎಂಬುದೂ ಅಷ್ಟೇ ನಿಜ. ತಲೆಪೆಟ್ಟು ಯಾರ ಹಣೆಬರಹವನ್ನೂ ಬರೆದುಬಿಡುವುದಿಲ್ಲ. ಯಾವ ಸಮಯದಲ್ಲಿ ಹೆಚ್ಚು ಕಣ್ಣಿಡಬೇಕು ಎಂದು ಮಾತ್ರ ಅದು ನಮಗೆ ಹೇಳುತ್ತದೆ.

ಹೇಳಿಕೆ 3: 'ನಿಜವಾದ ವಿಶ್ವಾಸಿಗೆ ಸಾಯುವ ಯೋಚನೆ ಬರುವುದಿಲ್ಲ'

ಬೈಬಲ್ ಓದಿದವರು ಹೀಗೆ ಹೇಳುವುದು ಕಷ್ಟ. ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ. ಯೋನ ಬದುಕುವುದಕ್ಕಿಂತ ಸಾವೇ ಲೇಸು ಎಂದ. ಪ್ರವಾದಿ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ತನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿಕೊಂಡ.

ಎಲೀಯನಿಗೆ ಸಿಕ್ಕ ಉತ್ತರವನ್ನು ಗಮನಿಸಿ. 1 ಅರಸುಗಳು 19ನೇ ಅಧ್ಯಾಯದ ಪ್ರಕಾರ, ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ, ಬೈಯಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟ ಕೊಟ್ಟ. ಮಾತು ಬಂದದ್ದು ಆಮೇಲೆ. ಇವತ್ತು ಮನೋವೈದ್ಯರೂ ನಿದ್ದೆ ಮತ್ತು ಊಟ ಹೇಗಿದೆ ಎಂದು ಮೊದಲೇ ಕೇಳುತ್ತಾರೆ.

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಲ್ಲಿ ಇನ್ನೊಂದು ಘಟನೆ ಇದೆ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ, ಕೈದಿಗಳು ತಪ್ಪಿಸಿಕೊಂಡರೆಂದು ಭಾವಿಸಿ ಜೀವ ತೆಗೆದುಕೊಳ್ಳಲು ಮುಂದಾದ. ಪೌಲ ಕತ್ತಲಿಂದಲೇ ಕೂಗಿ ಅವನನ್ನು ತಡೆದ: ಕೇಡು ಮಾಡಿಕೊಳ್ಳಬೇಡ, ನಾವೆಲ್ಲ ಇಲ್ಲೇ ಇದ್ದೇವೆ ಎಂಬುದು ಅವನ ಮಾತಿನ ತಾತ್ಪರ್ಯ. ಪಾಪದ ಲೆಕ್ಕ ತೆಗೆಯಲು ಅವನು ಹೋಗಲಿಲ್ಲ.

ಹೇಳಿಕೆ 4: 'ಮಾತ್ರೆ ನಿಲ್ಲಿಸಿ, ಪ್ರಾರ್ಥನೆ ಸಾಕು'

ಇದು ಅಪಾಯಕಾರಿ. ತಲೆಪೆಟ್ಟಿನ ನಂತರ ಕೆಲವರಿಗೆ ಫಿಟ್ಸ್ ತಡೆಯುವ ಮಾತ್ರೆ ಕೊಟ್ಟಿರುತ್ತಾರೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಿಟ್ಟೂಬಿಡದೆ ಬಂದು ಜೀವಕ್ಕೇ ಅಪಾಯವಾಗಬಹುದು. ಖಿನ್ನತೆಯ ಮಾತ್ರೆಯನ್ನೂ ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಕಡಿಮೆ ಮಾಡಬೇಕು. ಮಾತ್ರೆಯಿಂದಲೇ ಮಂಕು ಅಥವಾ ಸಿಟ್ಟು ಹೆಚ್ಚಾಗಿದೆ ಎನ್ನಿಸಿದರೆ ವೈದ್ಯರಿಗೆ ಹೇಳಿ, ಬದಲಿಸಲು ಬೇರೆ ಔಷಧಗಳಿವೆ.

ಪ್ರಾರ್ಥನೆ ಬೇಡ ಎಂದು ನಾವು ಹೇಳುತ್ತಿಲ್ಲ. ಪ್ರಾರ್ಥನೆ, ಸಭೆಯ ಜನರ ಒಡನಾಟ ಎಷ್ಟೋ ಜನರಿಗೆ ದೊಡ್ಡ ಆಸರೆ. ಅದು ಮಾತ್ರೆಯ ಜೊತೆಗಿರಲಿ, ಮಾತ್ರೆಯ ಬದಲಿಗಲ್ಲ. ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ ಎಂದು ಬೈಬಲ್ಲೇ ಹೇಳುತ್ತದೆ. ಅದೇ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಬರುವ ಒಳ್ಳೆಯ ಸಮಾರ್ಯದವನು, ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ಛತ್ರಕ್ಕೆ ಒಯ್ದ, ಮುಂದಿನ ಖರ್ಚಿಗೂ ಹಣ ಕೊಟ್ಟ. ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವವರಿಗೆ ರಕ್ಷಣೆ ಕೊಡಲು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮಿನಲ್ಲಿ ಬಳಸಿರುವ 'ಗುಡ್ ಸಮರಿಟನ್' ಎಂಬ ಹೆಸರು ಈ ಕಥೆಯಿಂದಲೇ ಬಂದದ್ದು.

ಕ್ಷಮೆ ಮನೆಯೊಳಗೂ ಬೇಕು

ತಲೆಪೆಟ್ಟಾದವರ ಮನೆಯಲ್ಲಿ ಕ್ಷಮೆಯ ಪ್ರಶ್ನೆ ಮೂರು ಕಡೆಯಿಂದ ಬರುತ್ತದೆ.

ಒಂದು, ಡಿಕ್ಕಿ ಹೊಡೆದವರನ್ನು ಕ್ಷಮಿಸುವುದು. ಕ್ಷಮಿಸಿದರೆ ಕೇಸು, ಪರಿಹಾರ ಬಿಡಬೇಕು ಎಂದೇನಿಲ್ಲ. ಮನಸ್ಸಿನ ದ್ವೇಷ ಇಳಿಸುವುದು ಬೇರೆ, ಕಾನೂನಿನ ಹಕ್ಕು ಬೇರೆ. ವಿಮೆ ಪರಿಹಾರದ ಹಣ ಚಿಕಿತ್ಸೆಗೆ ಬೇಕೇ ಬೇಕು.

ಎರಡು, ಸಿಟ್ಟಿನಲ್ಲಿ ಬೈಯುವ ಗಾಯಾಳುವನ್ನು ಮನೆಯವರು ಕ್ಷಮಿಸುವುದು. ಏಳೆಪ್ಪತ್ತು ಸಲ ಕ್ಷಮಿಸು ಎಂಬ ಮಾತನ್ನು ಹೆಂಡತಿಯ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಸಿಟ್ಟು ಪೆಟ್ಟಿನಿಂದ ಬಂದದ್ದೇ ಇರಬಹುದು, ಆದರೂ ಹೊಡೆತ ತಿನ್ನುತ್ತ ಇರಬೇಕಾಗಿಲ್ಲ. ಆಕೆ, ಮಕ್ಕಳು ಸುರಕ್ಷಿತ ಜಾಗದಲ್ಲಿರಬೇಕು, ಅವನಿಗೆ ಚಿಕಿತ್ಸೆಯೂ ಸಿಗಬೇಕು. ಎರಡೂ ಒಟ್ಟಿಗೆ ಆಗಬೇಕಾದ ಕೆಲಸ.

ಮೂರು, ಗಾಯಾಳು ತನ್ನನ್ನು ತಾನು ಕ್ಷಮಿಸಿಕೊಳ್ಳುವುದು. 'ನಾನು ಮನೆಗೆ ಭಾರ', 'ದೇವರು ನನ್ನ ಕೈಬಿಟ್ಟ' ಎಂಬ ಮಾತು ಪದೇ ಪದೇ ಬಂದರೆ ಅದನ್ನು ಭಕ್ತಿಯ ಕೊರತೆ ಎನ್ನಬೇಡಿ. ಅತಿಯಾದ ಪಾಪಪ್ರಜ್ಞೆ ಖಿನ್ನತೆಯದೇ ಒಂದು ಲಕ್ಷಣ. ಇಂಗ್ಲೆಂಡಿನ ವಿಲಿಯಂ ಕೂಪರ್ 18ನೇ ಶತಮಾನದ ಹೆಸರಾಂತ ಸ್ತೋತ್ರಕವಿ. ಅವನ ಗೀತೆಗಳನ್ನು ಚರ್ಚುಗಳಲ್ಲಿ ಇಂದಿಗೂ ಹಾಡುತ್ತಾರೆ. ಅದೇ ಕವಿ ಖಿನ್ನತೆಯಲ್ಲಿ ಹಲವು ಸಲ ಸಾವಿನ ಅಂಚಿಗೆ ಹೋಗಿ ಬಂದಿದ್ದ, ದೇವರು ತನ್ನನ್ನು ತಿರಸ್ಕರಿಸಿದ್ದಾನೆಂದೇ ನಂಬಿದ್ದ. ಗೆಳೆಯ, ಪಾದ್ರಿ ಜಾನ್ ನ್ಯೂಟನ್ ವರ್ಷಗಟ್ಟಲೆ ಅವನ ಜೊತೆ ನಿಂತ. ಕೂಪರ್ 1800ರಲ್ಲಿ, 68ನೇ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡ.

ಕಾನೂನು ಏನು ಹೇಳುತ್ತದೆ?

'ಆಸ್ಪತ್ರೆಗೆ ಒಯ್ದರೆ ಪೊಲೀಸ್ ಕೇಸು ಆಗ್ತದ' ಎಂಬ ಹೆದರಿಕೆಯಿಂದ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ.

ಹಾಗಾದರೆ ನಾವು ಏನು ಮಾಡಬಹುದು?

ನೇರವಾಗಿ ಕೇಳಿ. 'ಬದುಕೋದೇ ಬ್ಯಾಡ ಅನ್ನಿಸ್ತದೇನು?' ಎಂದು ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಬಚ್ಚಿಟ್ಟ ಭಾರ ಇಳಿಸಲು ದಾರಿಯಾಗುತ್ತದೆ. ಉತ್ತರ ಹೌದು ಎಂದಾದರೆ ಒಬ್ಬರನ್ನೇ ಬಿಡಬೇಡಿ.

ಕೀಟನಾಶಕ, ಹೆಚ್ಚುವರಿ ಮಾತ್ರೆಗಳಂಥ ಅಪಾಯದ ವಸ್ತುಗಳನ್ನು ಬೀಗದಲ್ಲಿಡಿ, ಕೀಲಿ ಬೇರೆಯವರ ಕೈಯಲ್ಲಿರಲಿ. ಸಾಯಬೇಕೆಂಬ ತೀವ್ರ ಒತ್ತಡ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿದರೆ ಜೀವ ಉಳಿಯುತ್ತದೆ.

ತಲೆಪೆಟ್ಟಾದವರಿಗೆ ಮದ್ಯ ಕೊಡಬೇಡಿ. ಅದು ಮಿದುಳಿನ ಬ್ರೇಕನ್ನು ಇನ್ನಷ್ಟು ಸಡಿಲಿಸುತ್ತದೆ, ಫಿಟ್ಸ್ ಅಪಾಯವನ್ನೂ ಹೆಚ್ಚಿಸುತ್ತದೆ.

ನಿದ್ದೆ ಕೆಡುವುದು, ಜನರಿಂದ ದೂರ ಸರಿಯುವುದು, ಇಷ್ಟದ ವಸ್ತುಗಳನ್ನು ಹಂಚುವುದು, ವಿದಾಯದ ಮಾತಾಡುವುದು ಕಂಡರೆ ವೈದ್ಯರನ್ನು ಕಾಣಿ. ಘಟಪ್ರಭಾದಲ್ಲಿ 1929ರಲ್ಲಿ ಶುರುವಾದ ಕರ್ನಾಟಕ ಆರೋಗ್ಯ ಧಾಮ ಈ ಸೀಮೆಯ ಜನರಿಗೆ ಗೊತ್ತಿರುವ ಆಸ್ಪತ್ರೆ. ಮನೋರೋಗ ತಜ್ಞರ ಸೇವೆಗೆ ಗೋಕಾಕ, ಹುಕ್ಕೇರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಚಾರಿಸಿ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಿದೆ. ಮನಸ್ಸು ಮತ್ತು ಮಿದುಳು ಎರಡನ್ನೂ ನೋಡುವ ಸರ್ಕಾರಿ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಘಟಪ್ರಭಾ ನಿಲ್ದಾಣದಿಂದ ಬೆಳಗಾವಿ, ಲೋಂಡಾ ಮೇಲೆ ಹೋಗುವ ರೈಲುದಾರಿಯಲ್ಲೇ ಧಾರವಾಡ ಸಿಗುತ್ತದೆ.

ಪಾದ್ರಿಗಳು, ಸಭೆಯ ಹಿರಿಯರು ಇದನ್ನು ಓದುತ್ತಿದ್ದರೆ ಒಂದು ಮನವಿ. ಅಂತ್ಯಕ್ರಿಯೆಯ ದಿನ ನೀವು ಆಡುವ ಮಾತು ಆ ಮನೆಯವರಿಗೆ ಜೀವನವಿಡೀ ನೆನಪಿರುತ್ತದೆ. ತೀರ್ಪು ಕೊಡಬೇಡಿ, ಕಾರಣ ಹುಡುಕಬೇಡಿ, ಸತ್ತ ವಿಧಾನ ವಿವರಿಸಬೇಡಿ. ತಿಂಗಳಾದ ಮೇಲೆ ಮತ್ತೊಮ್ಮೆ ಆ ಮನೆಗೆ ಹೋಗಿ ಬನ್ನಿ.

ಕೊನೆಗೆ

ಆತ್ಮಹತ್ಯೆಗೆ ಕ್ಷಮೆಯೇ ಇಲ್ಲ ಎಂದು ಬೈಬಲ್ ಹೇಳಿದೆ ಎಂಬುದು ಸುಳ್ಳು. ಸತ್ತವರ ಕೊನೆಯ ತೀರ್ಪು ದೇವರಿಗೆ ಬಿಟ್ಟದ್ದು ಎಂಬುದು ಇಂದಿನ ಪ್ರಮುಖ ಸಭೆಗಳ ನಿಲುವು. ಆದರೆ 'ಹೇಗೂ ಕ್ಷಮೆ ಇದೆಯಲ್ಲ' ಎಂದು ಯಾರಾದರೂ ಇದನ್ನು ಅಪ್ಪಣೆಯಾಗಿ ಓದಿದರೆ ಅದೂ ತಪ್ಪೇ. ಕ್ಷಮೆಯ ಮಾತು ಹೇಳುವುದು ಬದುಕಿರುವವರು ಬದುಕಲಿ ಎಂದು. ತಲೆಪೆಟ್ಟಿನ ನಂತರದ ಖಿನ್ನತೆಗೆ ಚಿಕಿತ್ಸೆ ಇದೆ, ಅದರಿಂದ ಚೇತರಿಸಿಕೊಂಡವರು ಬಹಳ ಜನ ಇದ್ದಾರೆ.

ಮುಂದಿನ ಸಲ 'ಕ್ಷಮೆಯಿಲ್ಲದ ಪಾಪ' ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಏನಾದರೂ ಕಳಿಸಲೇಬೇಕು ಎನ್ನಿಸಿದರೆ ಐದೇ ಅಂಕಿ ಸಾಕು: 14416. ಆಮೇಲೆ, ಅಪಘಾತವಾದಾಗಿನಿಂದ ಗುಂಪಿನಲ್ಲಿ ಒಂದು ಮಾತೂ ಆಡದೆ ಸುಮ್ಮನಿರುವ ಆ ಒಬ್ಬರಿಗೆ ಬೇರೆಯಾಗಿ ಒಂದು ಕರೆ ಮಾಡಿ.